ಅಣಬೆ ಬೆಡಗಿನವನ ನೀರುನಾಯಿ ಪತ್ರ

ಗೊನ್ಜಾಗಾ ಕಿಜ್ಜಾನ ಫೋಟೋ ಪತ್ರಿಕೆಯಲ್ಲಿ ಬಂದದ್ದು ಅವನ ಜನ್ಮದಲ್ಲಿ ಒಂದೇ ಸಲ. ಅದು ಬರಬಾರದಾಗಿದ್ದ ದಿನವೂ ಅವನ ಜನ್ಮದಲ್ಲಿ ಒಂದೇ ಇತ್ತು. ದೇವರು ಎರಡನ್ನೂ ಸೇರಿಸಿ ಒಂದೇ ಶನಿವಾರಕ್ಕೆ ಗಂಟುಹಾಕಿಬಿಟ್ಟ.

ಆ ಶನಿವಾರ ಅವನ ಕ್ವಂಜುಲ. ಗಂಡಿನ ಕಡೆಯವರೆಲ್ಲ ಉಡುಗೊರೆ ಹೊತ್ತುಕೊಂಡು ಹೆಣ್ಣಿನ ಮನೆಗೆ ಹೋಗಿ, ಹುಡುಗನನ್ನು ತೋರಿಸಿ, ಹುಡುಗಿಯನ್ನು ಕೇಳುವ ದಿನ. ಕಿಜ್ಜಾ ಕೋಳಿ ಕೂಗುವ ಮುಂಚೆಯೇ ಎದ್ದು ಮಿಂದು, ಬಿಳಿಯ ಕಾಂಜು ನಿಲುವಂಗಿಗೆ ಇಸ್ತ್ರಿ ತಿಕ್ಕುತ್ತಿದ್ದ. ಆಗಲೇ ಬಾಗಿಲು ಮುರಿಯುವ ಹಾಗೆ ಸದ್ದಾಯಿತು.

"ಲೇ ಕಿಜ್ಜಾ! ಬಾಗಿಲು ತೆಗಿಯೋ! ಪೇಪರ್‌ನಲ್ಲಿ ಬಂದುಬಿಟ್ಟಿದ್ದೀಯಲ್ಲೋ!"

ಕೂಗಿದವನು ಪಕ್ಕದ ಮನೆಯ ಕಟೆರೆಗ. ನ್ದೀಬಾದ ಆ ಗಲ್ಲಿಗೆಲ್ಲ ಅವನೊಬ್ಬನೇ ಕ್ಷೌರಿಕ. ಕತ್ತರಿಗಿಂತ ನಾಲಗೆ ಹರಿತ. ಆ ನಾಲಗೆಯನ್ನು ನೆಚ್ಚಿಕೊಂಡೇ ಕಿಜ್ಜಾ ಅವನನ್ನು ತನ್ನ ಕಡೆಯ ಮಾತುಗಾರನನ್ನಾಗಿ ಗೊತ್ತು ಮಾಡಿದ್ದ. ಕ್ವಂಜುಲದಲ್ಲಿ ಮದುವೆ ಗಂಡು ಬಾಯಿ ಬಿಡುವಂತಿಲ್ಲ. ಅವನ ಪರವಾಗಿ ಮಾತಾಡುವುದು, ಬೈಸಿಕೊಳ್ಳುವುದು, ತಪ್ಪಿಗೆ ದಂಡ ಕಟ್ಟುವುದು ಎಲ್ಲ ಮಾತುಗಾರನ ಕೆಲಸ.

ಕಿಜ್ಜಾ ಪತ್ರಿಕೆ ಕಿತ್ತುಕೊಂಡು ನೋಡಿದ. ಓದುಗರ ಪತ್ರಗಳ ಪುಟದಲ್ಲಿ, ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ 'ನೀರುನಾಯಿ ಬೆಡಗಿನ ಮಗನ ಕಣ್ಣೀರು' ಎಂಬ ತಲೆಬರಹ. ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ನಿಂತ ಅವನದೇ ಪಾಸ್‌ಪೋರ್ಟ್ ಫೋಟೋ. ಕೆಳಗೆ ಗೊನ್ಜಾಗಾ ಕಿಜ್ಜಾ, ನ್ದೀಬಾ, ಕಂಪಾಲಾ.

ಅಷ್ಟರಲ್ಲಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಕಾಂಜುವಿನ ಬೆನ್ನು ಸುಟ್ಟು ಹೊಗೆ ಬಂತು.

ಈ ಪತ್ರದ ಕತೆ ಸ್ವಲ್ಪ ಹೇಳಲೇಬೇಕು. ಕಿಜ್ಜಾ ಸೈಕಲ್ ಬಿಡಿಭಾಗಗಳ ಅಂಗಡಿಯಲ್ಲಿ ಗುಮಾಸ್ತ. ಹಗಲೆಲ್ಲ ಚೈನು, ಪೆಡಲು, ಬೆಲ್ಲು. ಮನಸ್ಸು ಮಾತ್ರ ಕಾಡಿನಲ್ಲಿ. ಬೇಟೆಗಾರರ ಉರುಲಿಗೆ ಒಂದು ಜಿಂಕೆ ಸಿಕ್ಕಿತೆಂದು ಓದಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಪತ್ರಿಕೆಗೆ ಪತ್ರ ಬರೆಯುತ್ತಿದ್ದ. ಆನೆಗಾಗಿ ಬರೆದ, ಕೊಕ್ಕರೆಗಾಗಿ ಬರೆದ, ಕೊನೆಗೆ ಕಪ್ಪೆಗಾಗಿಯೂ ಬರೆದ. ಒಂದೂ ಅಚ್ಚಾಗಲಿಲ್ಲ. ಕಾರಣ ಅವನಿಗೆ ಹೊಳೆದದ್ದು ಬಹಳ ತಡವಾಗಿ. ಪ್ರತಿ ಪತ್ರದ ಕೊನೆಯಲ್ಲೂ ಅವನು ಪ್ರಾಮಾಣಿಕವಾಗಿ 'ಅಣಬೆ ಬೆಡಗಿನವನು' ಎಂದು ಬರೆದುಕೊಳ್ಳುತ್ತಿದ್ದ.

ನಮ್ಮ ಬುಗಾಂಡದಲ್ಲಿ ಪ್ರತಿಯೊಬ್ಬನಿಗೂ ಅಪ್ಪನಿಂದ ಬಂದ ಒಂದು ಬೆಡಗು, ಅಂದರೆ ಕುಲ, ಬೆಡಗಿಗೊಂದು ಕುಲಚಿಹ್ನೆ. ಸಿಂಹದವರಿದ್ದಾರೆ, ಚಿರತೆಯವರಿದ್ದಾರೆ, ಆನೆಯವರಿದ್ದಾರೆ. ತಮ್ಮ ಚಿಹ್ನೆಯನ್ನು ಯಾರೂ ತಿನ್ನುವುದಿಲ್ಲ. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಮದುವೆಯ ಮಾತೇ ಇಲ್ಲ. ಹೀಗಿರುವಾಗ, ಆನೆಯವನು ಆನೆಗಾಗಿ ಅತ್ತರೆ ಅದಕ್ಕೊಂದು ತೂಕ. ಅಣಬೆಯವನು ಆನೆಗಾಗಿ ಅತ್ತರೆ ಯಾವ ಸಂಪಾದಕ ಕರಗುತ್ತಾನೆ? ಒಂದು ದಿನ ಕಿಜ್ಜಾ ಧೈರ್ಯ ಮಾಡಿ, 'ಚಿಪ್ಪುಹಂದಿ ಬೆಡಗಿನ ಮಗನಾದ ನಾನು' ಎಂದು ಶುರು ಮಾಡಿದ. ಮರುವಾರವೇ ಅಚ್ಚಾಯಿತು! ಆಮೇಲೆ ಕಾಡುಕೋಣದ ಮಗನಾದ. ಅದೂ ಅಚ್ಚಾಯಿತು. ಹೆಸರು ಹೇಳಿದರೆ ನಮ್ಮವರು ಬೆಡಗು ಹೇಳಿಬಿಡುತ್ತಾರೆ ನಿಜ. ಆದರೆ ಅವಳಿಗಳ ಬೆನ್ನಿಗೆ ಹುಟ್ಟಿದವನು ಯಾವ ಬೆಡಗಿನವನಾದರೂ ಕಿಜ್ಜಾನೇ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ನೀರುನಾಯಿಯ ಪತ್ರ ಬರೆದು ವರ್ಷವೇ ಆಗಿತ್ತು. ಫೋಟೋ ಸಮೇತ ಕಳಿಸಿ, ಕಾದು, ಮರೆತೇಬಿಟ್ಟಿದ್ದ. ನಿಜ ಹೇಳಬೇಕೆಂದರೆ ಅವನು ನೀರುನಾಯಿಯನ್ನು ಕಣ್ಣಾರೆ ಕಂಡವನೂ ಅಲ್ಲ.

ಆಮೇಲೆ ಒಂದು ದಿನ ಸಂತೆಯಲ್ಲಿ ಒಬ್ಬಳು ಹುಡುಗಿ ಒಣಮೀನನ್ನು ಪತ್ರಿಕೆಯಲ್ಲಿ ಸುತ್ತಿ ಅವನ ಕೈಗಿಟ್ಟಳು. ನೋಡಿದರೆ ಅವನದೇ ಚಿಪ್ಪುಹಂದಿ ಪತ್ರ. "ಅಮ್ಮಾ ತಾಯಿ, ಇದು ನಂದು!" ಎಂದು ಮೀನು ಬಿಟ್ಟು ಕಾಗದ ಎತ್ತಿಕೊಂಡ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳೇ ಬಾಬಿರ್ಯೆ. ಪ್ರೀತಿ ಮೀನಿನ ವಾಸನೆಯಲ್ಲೇ ಮೊಳೆಯಿತು. ಅವಳು ಏನನ್ನೂ ಮುಚ್ಚಿಡಲಿಲ್ಲ. ಚಿಕ್ಕವಳಿದ್ದಾಗ ಊರಿನ ಕಿಬುಕ ಎಂಬ ಹುಡುಗನ ಮೇಲೆ ಮನಸ್ಸಾಗಿತ್ತಂತೆ. ಒಂದೇ ಬೆಡಗು ಎಂದು ಬೈಸಿಕೊಂಡು, ಅಂದಿನಿಂದ ಅವನನ್ನು 'ಅಣ್ಣಾ' ಎನ್ನುತ್ತಾಳಂತೆ. "ನಮ್ಮನೇಲಿ ಅಣಬೆ ಬೇಯ್ಸೋದೇ ಇಲ್ಲ ಗೊತ್ತಾ? ಅಪ್ಪಂಗೆ ಮೈಯೆಲ್ಲಾ ತುರಿಕೆ ಬರುತ್ತಂತೆ," ಎಂದೂ ಹೇಳಿದ್ದಳು. ಅಣಬೆ ಮುಟ್ಟಬಾರದ ಕಿಜ್ಜಾ, ಇದು ದೇವರೇ ಕೂಡಿಸಿದ ಸಂಬಂಧ ಎಂದು ಹಿಗ್ಗಿದ್ದ.

"ಲೇ, ಯಾಕೋ ಬಿಳುಚಿಕೊಂಡೆ?" ಎಂದ ಕಟೆರೆಗ.

"ಕಟೆರೆಗಾ, ಹೆಡ್ಡಿಂಗ್ ಓದಿದ್ಯಾ?"

"ಫೋಟೋ ನೋಡ್ದೆ. ಓದಕ್ಕೆ ಪುರುಸೊತ್ತೆಲ್ಲಿ? ಗಲ್ಲಿಗೆಲ್ಲಾ ಹಂಚಿ ಬಂದೆ."

"ಬಾಬಿರ್ಯೆ ಯಾವ ಬೆಡಗು ಗೊತ್ತೇನೋ?"

"ಯಾವ್ದು?"

"ನೀರುನಾಯಿ."

ಕಟೆರೆಗ ಪತ್ರಿಕೆ ಕಿತ್ತುಕೊಂಡು ಆಗ ಮೊದಲ ಸಲ ತಲೆಬರಹ ಓದಿದ.

ಹೊರಗೆ ಬಂದರೆ ಬಾಡಿಗೆ ವ್ಯಾನು ನಿಂತಿತ್ತು. ಅದರ ಮುಂದಿನ ಗಾಜಿಗೆ, ಹಿಂದಿನ ಗಾಜಿಗೆ, ಎರಡೂ ಬಾಗಿಲಿಗೆ ಅಕ್ಕಪಕ್ಕದವರು ಅವನ ಫೋಟೋ ಇದ್ದ ಹಾಳೆ ಅಂಟಿಸಿದ್ದರು. ಮದುವೆ ಗಂಡಿನ ಮೇಲಿನ ಅಭಿಮಾನದಿಂದ, ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದಿನಿಂದ. ಕಿಜ್ಜಾ ದಾರಿಯುದ್ದಕ್ಕೂ ಕಿಟಕಿಯಿಂದ ಕೈ ಹೊರಹಾಕಿ ಉಗುರಲ್ಲಿ ಕೆರೆದ. ಪತ್ರದ ಒಳಗಿನ ಸಾಲುಗಳೆಲ್ಲ ಕಿತ್ತು ಬಂದವು. ಫೋಟೋ ಮತ್ತು ತಲೆಬರಹ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ.

"ಹೆದರ್ಬೇಡ ಕಣೋ," ಎಂದ ಕಟೆರೆಗ, ಮೊಣಕಾಲ ಮೇಲೆ ಹುಂಜವನ್ನು ಅದುಮಿ ಹಿಡಿದುಕೊಂಡು. ಹೆಣ್ಣಿನ ಅಣ್ಣನಿಗೆ ಕೊಡಬೇಕಾದ ಹುಂಜ ಅದು. ಕಿಜ್ಜಾ ಸಂತೆಯೆಲ್ಲ ಸುತ್ತಿ ಆರಿಸಿ ತಂದಿದ್ದ. "ಮೀನು ಹಿಡಿಯೋರ ಹಳ್ಳಿ ಅದು. ಪೇಪರ್ ಹೋಗೋದು ಸೋಮವಾರಕ್ಕೆ. ಅಷ್ಟ್ರಲ್ಲಿ ಹುಡುಗಿ ನಮ್ಮೋಳು."

ವ್ಯಾನನ್ನು ಹಳ್ಳಿಯ ಆಚೆಗೇ ಬಾಳೆತೋಟದಲ್ಲಿ ನಿಲ್ಲಿಸಿ, ನೆಂಟರಿಲ್ಲದ ಕಿಜ್ಜಾನ ಕಡೆಯವರಾಗಿ ಬಂದ ಗಲ್ಲಿಯವರೆಲ್ಲ ಸಕ್ಕರೆ ಮೂಟೆ, ಬಾಳೆಗೊನೆ, ಸೋಪಿನ ಪೆಟ್ಟಿಗೆ ತಲೆಯ ಮೇಲೆ ಹೊತ್ತು ನಡೆದರು. ಹಿಂದೆ ಒಂದು ಹಸು. ಕಿಜ್ಜಾ ಸುಟ್ಟ ಬೆನ್ನು ಕಾಣದ ಹಾಗೆ, ಆ ಉರಿಬಿಸಿಲಲ್ಲಿ ಎರಡು ಕೋಟು ತೊಟ್ಟಿದ್ದ.

ಅಂಗಳದಲ್ಲಿ ಶಾಮಿಯಾನ, ಎದುರುಬದುರು ಕುರ್ಚಿಗಳ ಸಾಲು. ಹೆಣ್ಣಿನ ಕಡೆಯ ಮಾತುಗಾರ ಎದ್ದು ನಿಂತ. ಅಗಲ ಎದೆ, ಎತ್ತರದ ಆಳು, ನಕ್ಕರೆ ಸರೋವರದ ಆಚೆ ದಡಕ್ಕೂ ಕಾಣುವ ಹಲ್ಲು. ಅವನೇ ಕಿಬುಕ. ಬಾಬಿರ್ಯೆಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲದ್ದರಿಂದ ಬೆಡಗಿನ ಅಣ್ಣನಾಗಿ ಹುಂಜ ತೆಗೆದುಕೊಳ್ಳುವವನೂ ಅವನೇ.

"ಏನ್ ಸ್ವಾಮಿ, ದಾರಿ ತಪ್ಪಿ ಬಂದ್ರಾ? ಕಂಪಾಲಾದೋರಿಗೆ ಮೀನು ಬೇಕಿದ್ರೆ ದಂಡೆಗೆ ಹೋಗಿ," ಎಂದು ಕಿಬುಕ ವಾಡಿಕೆಯಂತೆ ಕೆಣಕಿದ.

"ಮೀನು ಬೇಡಪ್ಪಾ. ಈ ಮನೇಲಿ ಒಂದು ಹೂವು ಅರಳಿದೆ ಅಂತ ವಾಸನೆ ಹಿಡ್ಕೊಂಡು ಬಂದ್ವಿ," ಎಂದ ಕಟೆರೆಗ.

"ಎರಡೆರಡು ಕೋಟು ಹಾಕ್ಕೊಂಡು ಬೆವರ್ತಾ ಇರೋ ಆ ಯಜಮಾನ್ರು ಯಾರು? ಚಳಿಜ್ವರಾನಾ?"

ಎಲ್ಲರೂ ನಕ್ಕರು. ಕಿಜ್ಜಾನಿಗೆ ಜೀವ ಬಂತು. ಗಾಳಿ ಸರಿಯಾಗೇ ಬೀಸುತ್ತಿದೆ. ಒಂದೇ ಒಂದು ವಿಚಿತ್ರ. ಬಾಬಿರ್ಯೆಯ ತಂದೆ ನಗುತ್ತಿದ್ದರು.

ಅವಳಿಗಳನ್ನು ಹೆತ್ತ ತಂದೆಯನ್ನು ನಾವು ಹೆಸರು ಹಿಡಿದು ಕರೆಯುವುದಿಲ್ಲ, ಸಾಲೊಂಗೊ ಎನ್ನುತ್ತೇವೆ. ಈ ಸಾಲೊಂಗೊ ಮೊದಲಿನಿಂದಲೂ ಕಿಜ್ಜಾನನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದರು. 'ಹುಡುಗ ಒಳ್ಳೆಯವನೇ, ಆದರೆ...' ಎನ್ನುವರು. ಆ ಆದರೆಯ ಮುಂದೆ ಏನೆಂದು ಹೆಂಡತಿಗೂ ಹೇಳಿದವರಲ್ಲ. ಇವತ್ತು ಮಾತ್ರ ಜಾತ್ರೆಯಲ್ಲಿ ಕಳೆದುಹೋದ ಮಗು ಸಿಕ್ಕವರ ಹಾಗೆ ಹಲ್ಲುಬಿಟ್ಟು ಕೂತಿದ್ದಾರೆ.

ಅವರು ಎದ್ದರು. ಕಾಂಜುವಿನ ಜೇಬಿಗೆ ಕೈಹಾಕಿದರು. ಮಡಿಸಿದ ಪತ್ರಿಕೆ ತೆಗೆದರು.

"ಬಂಧುಗಳೇ, ಮೀನಿನ ಲಾರಿಯೋನು ಬೆಳಿಗ್ಗೆ ಕೊಟ್ಟು ಹೋದ. ಓದ್ತಾ ಓದ್ತಾ ನನ್ನ ಕಣ್ಣು ತುಂಬಿ ಬಂತು." ಅವರು ಗಂಟಲು ಸರಿ ಮಾಡಿಕೊಂಡು ಓದಿದರು. "'ಮಾನ್ಯ ಸಂಪಾದಕರೇ, ನೀರುನಾಯಿ ಬೆಡಗಿನ ಮಗನಾದ ನಾನು ಇದನ್ನು ಶಾಯಿಯಲ್ಲಿ ಬರೆಯುತ್ತಿಲ್ಲ, ಕಣ್ಣೀರಿನಲ್ಲಿ ಬರೆಯುತ್ತಿದ್ದೇನೆ. ನನ್ನ ಒಡಹುಟ್ಟಿದವರು ಬಲೆಗೆ ಸಿಕ್ಕಿ ಸಾಯುತ್ತಿದ್ದಾರೆ. ಅವರು ಹೊರಬರುವಷ್ಟು ದೊಡ್ಡ ಕಣ್ಣಿನ ಬಲೆ ಹೆಣೆಯಲು ಬೆಸ್ತರಿಗೇನು ಧಾಡಿ?'"

"ಅಷ್ಟು ದೊಡ್ಡ ಕಣ್ಣಿದ್ರೆ ಮೀನೂ ಹೊರಗೋಗಲ್ವಾ?" ಎಂದು ಯಾರೋ ಹಿಂದಿನಿಂದ ಕೂಗಿದರು. "ನೀರುನಾಯಿ ಅವರಣ್ಣ ಆದ್ರೆ ನನ್ನ ಬಲೆ ಹರಿದಿದ್ದಕ್ಕೆ ಅವ್ರೇ ಹೊಲಿದು ಕೊಡ್ಲಿ!"

"ಅದಿರ್ಲಿ," ಎಂದರು ಸಾಲೊಂಗೊ. "ನಮ್ಮ ನೀರುನಾಯಿಗೋಸ್ಕರ ಇಷ್ಟು ಚೆನ್ನಾಗಿ ಅತ್ತೋರು ಇನ್ನೊಬ್ಬರಿಲ್ಲ. ಬಾ ಮಗನೇ, ತಬ್ಬಿಕೋ. ನೀನು ನಮ್ಮ ರಕ್ತ. ಆದ್ರೆ ಅಣ್ಣಂಗೆ ತಂಗೀನ ಕೊಡೋಕಾಗುತ್ತೇನಪ್ಪಾ? ಊಟ ಮಾಡ್ಕೊಂಡು ಸಂತೋಷವಾಗಿ ಮನೆಗೆ ಹೋಗು."

ಒಳಮನೆಯ ಪರದೆಯ ಹಿಂದೆ ಬಾಬಿರ್ಯೆ "ಅಪ್ಪಾ!" ಎಂದು ಚೀರಿದಳು. ಕಿಜ್ಜಾ ಬಾಯಿ ತೆರೆದ. ಗಂಡು ಮಾತಾಡಬಾರದೆಂದು ಕಟೆರೆಗ ಅವನ ಬಾಯಿಗೆ ಕೈ ಅಡ್ಡ ಹಿಡಿದ.

"ಸಾಲೊಂಗೊ, ತಪ್ಪು ತಿಳ್ಕೊಂಡ್ರಿ. ನಮ್ಮ ಹುಡುಗ ಅಪ್ಪಟ ಅಣಬೆ! ಪತ್ರಕ್ಕೆ ಖಾರ ಸಾಲ್ದು ಅಂತ ಹಾಗೆ ಬರೆದ, ಅಷ್ಟೆ. ಇಲ್ನೋಡಿ," ಎಂದು ಅವನು ಜೇಬಿನಿಂದ ಪತ್ರಿಕೆಯ ಹಳೆಯ ತುಣುಕುಗಳನ್ನು ತೆಗೆದ. ಗಂಡಿನ ಗುಣಗಾನಕ್ಕಾಗಿ ಕ್ಷೌರದಂಗಡಿಯ ಗೋಡೆಯಿಂದ ಕಿತ್ತು ತಂದಿದ್ದವು. "ಇದ್ರಲ್ಲಿ ಚಿಪ್ಪುಹಂದಿ ಮಗ. ಇದ್ರಲ್ಲಿ ಕಾಡುಕೋಣದ ಮಗ."

"ಹಾಗಾದ್ರೆ ನೀವು ಕರ್ಕೊಂಡು ಬಂದಿರೋದು ಮದುವೆ ಗಂಡಲ್ಲ, ಪ್ರಾಣಿಸಂಗ್ರಹಾಲಯ," ಎಂದ ಕಿಬುಕ. ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು.

ಸಾಲೊಂಗೊ ನಗಲಿಲ್ಲ. "ಅವೆಲ್ಲಾ ಸುಳ್ಳಿರಬಹುದು. ಇದು ಮಾತ್ರ ನಿಜ. ಈ ಕಣ್ಣೀರು ನೋಡಿದ್ರೆ ಗೊತ್ತಾಗಲ್ವೇ?"

ಕಟೆರೆಗನಿಗೆ ರೋಷ ಉಕ್ಕಿತು. ರೋಷ ಬಂದಾಗ ಅವನ ನಾಲಗೆ ತಲೆಯನ್ನು ಕೇಳುತ್ತಿರಲಿಲ್ಲ. "ಹಂಗಾ? ಒಂದು ನೀರುನಾಯಿ ಹಿಡಿದು ಬೇಯಿಸಿ ತನ್ನಿ. ನಮ್ಮ ಹುಡುಗ ಇಲ್ಲೇ, ಎಲ್ಲರ ಮುಂದೆ ಚಪ್ಪರಿಸ್ಕೊಂಡು ತಿಂದು ತೋರಿಸ್ತಾನೆ!"

ನೀರುನಾಯಿ ಬೆಡಗಿನ ಗಂಡಸರೆಲ್ಲ ಒಟ್ಟಿಗೆ ಎದ್ದು ನಿಂತರು. ಹೆಂಗಸರು ಬಾಯಿಬಾಯಿ ಬಡಿದುಕೊಂಡರು. "ನಮ್ಮ ಅಂಗಳದಲ್ಲಿ ನಮ್ಮಣ್ಣನ್ನೇ ತಿಂತಾನಂತೆ!"

ಕಿಜ್ಜಾನಿಗೆ ತಡೆಯಲಾಗಲಿಲ್ಲ. ಬಲೆಯಲ್ಲಿ ಒದ್ದಾಡುವ ನೀರುನಾಯಿ ಕಣ್ಣಮುಂದೆ ಬಂತು. ಶಾಸ್ತ್ರವನ್ನೆಲ್ಲ ಮರೆತು ಎದ್ದು ನಿಂತು ಕೂಗಿದ. "ಇಲ್ಲ! ನಾನು ತಿನ್ನಲ್ಲ! ಪ್ರಾಣ ಹೋದ್ರೂ ನೀರುನಾಯಿ ತಿನ್ನಲ್ಲ!"

"ಕೇಳಿದ್ರಾ!" ಎಂದು ಸಾಲೊಂಗೊ ಕುಣಿದಾಡಿದರು. "ತಿನ್ನಲ್ಲ ಅಂದ! ತನ್ನ ಬಾಯಲ್ಲೇ ಅಂದ! ಇವನು ನೀರುನಾಯಿ ಅಲ್ದೆ ಇನ್ನೇನು?"

ಕಟೆರೆಗ ತಲೆ ಚಚ್ಚಿಕೊಂಡ. ಮಾತಾಡಿದ ಗಂಡಿಗೆ ದಂಡ, ಕೆಟ್ಟ ಮಾತಾಡಿದ ಮಾತುಗಾರನಿಗೆ ದಂಡ. ಇಬ್ಬರನ್ನೂ ಚಾಪೆಯ ಮೇಲೆ ಮಂಡಿಯೂರಿಸಿದರು. ಕಿಜ್ಜಾನಿಗೆ ಕಣ್ಣಲ್ಲಿ ನೀರೇ ಬಂತು. ಬಾಬಿರ್ಯೆ ಇಲ್ಲದ ಮೇಲೆ ಈ ಪತ್ರ, ಈ ಫೋಟೋ, ಈ ಹೆಸರು ತಗೊಂಡು ಏನು ಮಾಡುವುದು?

ಮಂಡಿಯೂರಿದ್ದಾಗಲೇ ಕಟೆರೆಗನ ತಲೆಗೆ ಆ ದಿನದ ಒಂದೇ ಒಂದು ಒಳ್ಳೆಯ ಯೋಚನೆ ಬಂತು.

"ಒಂದು ಬಟ್ಟಲು ಅಣಬೆ ಪಲ್ಯ ತನ್ನಿ," ಎಂದ. "ಮದುವೆ ಮುರಿದ್ರೂ ಪರವಾಗಿಲ್ಲ ಅಂತ ಈ ಹುಡುಗ ಅದನ್ನ ಮುಟ್ಟಲ್ಲ. ಮೂಗಿನ ಹತ್ರ ಹಿಡಿದ್ರೆ ಸಾಕು, ನೋಡಿ ಏನಾಗ್ತಾನೆ ಅಂತ. ಅಣಬೆಯವನು ಅಣಬೆ ಮುಂದೆ ಸುಳ್ಳು ಹೇಳಕ್ಕಾಗಲ್ಲ."

ಕಿಬುಕ ಹಿರಿಯರ ಕಡೆ ನೋಡಿದ. ಹಿರಿಯರು ತಲೆಯಾಡಿಸಿದರು. ಈ ಮನೆಯಲ್ಲಿ ಅಣಬೆ ಇರಲಿಲ್ಲ. ಪಕ್ಕದ ಮನೆಯಿಂದ ಕಡಲೆಕಾಯಿ ಗೊಜ್ಜಿನಲ್ಲಿ ಬೇಯಿಸಿದ್ದು ಬಂತು. ಘಮ್ಮೆಂದಿತು. ಕಿಜ್ಜಾನ ಮುಖ ಬಾಳೆಲೆಯ ಬಣ್ಣಕ್ಕೆ ತಿರುಗಿತು. ಎರಡು ಕೋಟಿನ ತೋಳನ್ನೂ ಮೂಗಿಗೆ ಅಡ್ಡ ಹಿಡಿದು ಹಿಂದೆ ಹಿಂದೆ ಸರಿದ.

"ಇದು ನಿಜವಾದ ಅಣಬೆ ಮುಖ," ಎಂದರು ಒಬ್ಬ ಮುದುಕರು ಮೆಚ್ಚಿಕೊಂಡು.

"ನಾಟಕ!" ಎಂದರು ಸಾಲೊಂಗೊ. "ಪಲ್ಯ ಕೆಟ್ಟಿರಬೇಕು. ಅದಕ್ಕೇ ಮುಖ ಕಿವುಚಿದ."

"ಹಾಗಿದ್ರೆ ನೀವು ರುಚಿ ನೋಡಿ ಹೇಳಿ," ಎಂದ ಕಟೆರೆಗ. "ಅತಿಥಿಗೆ ಕೊಡೋ ಮುಂಚೆ ಮನೆ ಯಜಮಾನ್ರು ಒಂದು ತುತ್ತು ತಿನ್ನೋದು ಪದ್ಧತಿ ತಾನೇ?"

"ನಂಗೆ ತುರಿಕೆ ಆಗುತ್ತಪ್ಪಾ."

"ಒಂದು ತುತ್ತಿಗೆ ಏನಾಗುತ್ತೆ ಸಾಲೊಂಗೊ? ನಮ್ಮ ಮನೆತನದ ಮಾನದ ಪ್ರಶ್ನೆ," ಎಂದ ಕಿಬುಕ ಒಳ್ಳೆಯ ಮನಸ್ಸಿನಿಂದಲೇ, ಬಟ್ಟಲನ್ನು ಅವರ ಕೈಗಿಟ್ಟು.

ಊರೆಲ್ಲ ನೋಡುತ್ತಿತ್ತು. ಸಾಲೊಂಗೊ ಬೆರಳು ಅದ್ದಿದರು. ತುತ್ತು ತುಟಿಯ ಹತ್ತಿರ ಬಂತು.

"ಅಣ್ಣಾ, ಬೇಡ! ತಿನ್ಬೇಡ!" ಎಂದು ಒಳಗಿನಿಂದ ಅವರ ತಂಗಿ, ಬಾಬಿರ್ಯೆಯ ಸೋದರತ್ತೆ, ಉಡುಪು ಎತ್ತಿಕೊಂಡು ಓಡಿಬಂದಳು. ಬಟ್ಟಲನ್ನು ಕಿತ್ತುಕೊಂಡಳು. "ಅಪ್ಪ ಸತ್ತ ಮೇಲೂ ಅವರ ಮಾನ ಕಳೀತೀಯಾ? ನಮ್ಮ ಕುಲದ್ದನ್ನ ನಾವೇ ತಿನ್ನೋದಾ?"

ಅಂಗಳದವರೆಲ್ಲ ಅವಳ ಕಡೆ ತಿರುಗಿದರು.

"ಯಾವ ಕುಲ ಅತ್ತೇ?" ಎಂದಳು ಪರದೆ ಸರಿಸಿ ಬಂದ ಬಾಬಿರ್ಯೆ.

ಸಾಲೊಂಗೊ ಕುರ್ಚಿಯ ಮೇಲೆ ಕುಸಿದರು. "ಅಣಬೆ," ಎಂದರು. "ಹರೆಯದಲ್ಲಿ ಈ ದಂಡೆಗೆ ಬಂದೆ. ಇಲ್ಲಿ ದೋಣಿಯೆಲ್ಲಾ ನೀರುನಾಯಿಯೋರ ಕೈಲಿ. ಅಣಬೆಯೋನಿಗೆ ಹುಟ್ಟುಗೋಲೂ ಕೊಡಲ್ಲ ಅಂದ್ರು. ನಾನೂ ನೀರುನಾಯಿನೇ ಅಂದುಬಿಟ್ಟೆ. ಕೂಡ್ಲೇ ದೋಣಿ ಸಿಕ್ತು. ಆಮೇಲೆ ಹೇಳಕ್ಕೆ ಬಾಯಿ ಬರ್ಲಿಲ್ಲ. ಈ ಹುಡುಗ ಅಣಬೆ ಅಂತ ಬಾಬಿರ್ಯೆ ಹೇಳಿದಾಗಿಂದ ನಿದ್ದೆ ಮಾಡಿಲ್ಲ. ಬೇಡ ಅನ್ನೋಕೆ ಕಾರಣ ಇರ್ಲಿಲ್ಲ, ಕೊಡೋಕೆ ದಾರಿ ಇರ್ಲಿಲ್ಲ. ಇವತ್ತು ಬೆಳಿಗ್ಗೆ ಪೇಪರ್ ಬಂತು. ದೇವರು ಕಣ್ಬಿಟ್ಟ ಅಂದ್ಕೊಂಡೆ."

ಕಿಜ್ಜಾನಿಗೆ ವಿಷಯ ತಲೆಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನೀರುನಾಯಿಯವನಾದರೂ ಬಾಬಿರ್ಯೆ ತಂಗಿ. ಅಣಬೆಯವನಾದರೂ ತಂಗಿ. ತಾನು ಅಣಬೆಯವನೆಂದು ಸಾಬೀತು ಮಾಡಲು ಇಷ್ಟು ಹೊತ್ತು ಮಂಡಿ ಸವೆಸಿದ್ದಾನೆ. ಈಗ ಸಾಬೀತಾಗಿದೆ.

ಬಾಬಿರ್ಯೆಯ ತಾಯಿ ನಾದಿನಿಯ ಕೈಯಿಂದ ಬಟ್ಟಲು ತೆಗೆದುಕೊಂಡಳು. "ತುರಿಕೆಯಂತೆ, ತುರಿಕೆ! ನಿಮ್ಮನ್ನ ಮದುವೆಯಾದಾಗಿಂದ ಅಣಬೆ ತಿನ್ನೋ ಆಸೆ ಅದುಮಿಟ್ಟಿದ್ದೀನಲ್ರೀ," ಎಂದು ಅಲ್ಲೇ ಮೂಲೆಯಲ್ಲಿ ಕೂತು ಗಬಗಬ ತಿನ್ನತೊಡಗಿದಳು. ಯಾರೂ ತಡೆಯುವ ಧೈರ್ಯ ಮಾಡಲಿಲ್ಲ.

ಬಾಬಿರ್ಯೆ ಅಪ್ಪನನ್ನು ನೋಡಿದಳು, ಕಿಜ್ಜಾನನ್ನು ನೋಡಿದಳು. "ಇಬ್ಬರೂ ಸರಿಯಾಗಿದ್ದೀರಾ! ಒಬ್ಬರು ದೋಣಿಗೆ ನೀರುನಾಯಿ ಆದ್ರು, ಇನ್ನೊಬ್ಬರು ಪೇಪರ್‌ಗೆ!" ಎಂದು ಕಣ್ಣೊರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಅವಳ ಕೈ ಅರ್ಧಕ್ಕೆ ನಿಂತಿತು. ನಿಧಾನವಾಗಿ ಕಿಬುಕನ ಕಡೆ ತಿರುಗಿದಳು. ಕಿಬುಕನೂ ಆಗಲೇ ಅವಳ ಕಡೆ ತಿರುಗಿದ್ದ. ಅವನ ಹಲ್ಲೆಲ್ಲ ಕಾಣುತ್ತಿದ್ದವು.

"ಹಾಗಾದ್ರೆ ಅತ್ತೇ," ಎಂದಳು ಬಾಬಿರ್ಯೆ ಮೆಲ್ಲಗೆ, "ನಾನು ಇವರನ್ನ ಅಣ್ಣ ಅನ್ನಬೇಕಾಗೇ ಇರ್ಲಿಲ್ವಾ?"

ಸೋದರತ್ತೆ ಅಣ್ಣನ ಮುಖ ನೋಡಿದಳು. ಹಿರಿಯರು ಪರಸ್ಪರ ಮುಖ ನೋಡಿಕೊಂಡರು. ಸುಳ್ಳು ಹೇಳಿ ದೋಣಿ ಪಡೆದ ಸಾಲೊಂಗೊಗೆ ದಂಡ ಹಾಕಬೇಕೆಂದು ಕೆಲವರು ಗೊಣಗಿದರು. ಮಗಳನ್ನು ನೀರುನಾಯಿಯವರಿಗೇ ಕೊಟ್ಟರೆ ದಂಡ ತೀರಿತು ಎಂದು ಇನ್ನು ಕೆಲವರು. ಊಟಕ್ಕೆ ಬಾಳೆಕಾಯಿಯ ಮಟೋಕೆ ಬೆಂದಿತ್ತು. ಹುಡುಗಿ ಸಿಂಗಾರವಾಗಿದ್ದಳು. ಶಾಮಿಯಾನದ ಬಾಡಿಗೆ ಸಂಜೆಯವರೆಗೂ ಇತ್ತು. ಇಷ್ಟೆಲ್ಲ ಇರುವಾಗ ಇನ್ನೊಂದು ದಿನ ಯಾಕೆ ಎಂದು ಎಲ್ಲರಿಗೂ ಅನಿಸಿತು. ಕಿಬುಕ ಉಡುಗೊರೆ ತಂದಿರಲಿಲ್ಲ ಎಂಬುದೊಂದೇ ತೊಡಕು.

"ಭಾವಾ," ಎಂದು ಅವನು ಕಿಜ್ಜಾನ ಮುಂದೆ ಬಹಳ ವಿನಯದಿಂದ ಬಗ್ಗಿದ. "ಈ ಹಸು, ಸಕ್ಕರೆ ಎಲ್ಲಾ ಇವತ್ತೊಂದು ದಿನ ಕೈಗಡ ಕೊಡಿ. ಮೀನಿನ ಕಾಲ ಬರ್ಲಿ, ತೀರಿಸ್ತೀನಿ. ನಿಮ್ಮ ಬಲೆಯ ಮಾತೂ ನಡೆಸ್ತೀನಿ. ನಮ್ಮ ದೋಣೀಲಿ ಇನ್ಮೇಲೆ ದೊಡ್ಡ ಕಣ್ಣಿನ ಬಲೆನೇ."

ನೀರುನಾಯಿಗಳ ಹೆಸರು ಹೇಳಿದ ಮೇಲೆ ಕಿಜ್ಜಾನಿಗೆ ಇಲ್ಲ ಎನ್ನಲಾಗಲಿಲ್ಲ.

ಸಂಜೆಯ ಹೊತ್ತಿಗೆ ಎಲ್ಲ ಶಾಸ್ತ್ರ ಮುಗಿಯಿತು. ಕೊನೆಯದೊಂದು ಉಳಿದಿತ್ತು. ಹೆಣ್ಣಿನ ಅಣ್ಣನಿಗೆ ಹುಂಜ ಕೊಟ್ಟರೆ ತಾನೇ ಹೆಣ್ಣು ಗಂಡಿನವಳಾಗುವುದು? ಬಾಬಿರ್ಯೆಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಅಣಬೆ ಬೆಡಗಿನ ಗಂಡಸು ಆ ಅಂಗಳದಲ್ಲಿ ಇನ್ನೊಬ್ಬನಿದ್ದದ್ದು ಯಾರು? ಕಿಜ್ಜಾನನ್ನು ಎಬ್ಬಿಸಿ, ಕೋಟು ಸರಿಮಾಡಿ, ಮಧ್ಯದಲ್ಲಿ ನಿಲ್ಲಿಸಿದರು. ಕಿಬುಕ ಮಂಡಿಯೂರಿದ. ಬಾಬಿರ್ಯೆ ಅವನ ಪಕ್ಕದಲ್ಲಿ ಮಂಡಿಯೂರಿ, ಕಣ್ಣಲ್ಲಿ ಪಾಪ ಎನ್ನುವ ಭಾವ ಇಟ್ಟುಕೊಂಡು, "ತಗೋ ಅಣ್ಣಾ" ಎಂದಳು. ಸಂತೆಯೆಲ್ಲ ಸುತ್ತಿ ತಾನೇ ಆರಿಸಿ ತಂದ ಹುಂಜವನ್ನು ಕಿಜ್ಜಾ ಎರಡೂ ಕೈಯಲ್ಲಿ ಸ್ವೀಕರಿಸಿದ. ಹೆಂಗಸರು ನಾಲಗೆ ಹೊರಳಿಸಿ ಕೂಗಿ ಹರಸಿದರು.

ವ್ಯಾನು ಕಂಪಾಲಾ ಕಡೆ ಹೊರಟಿತು. ಗಾಜಿನ ಮೇಲಿನ ಕಿಜ್ಜಾ ಕಣ್ಣು ಬಿಟ್ಟುಕೊಂಡು ಒಳಗಿನ ಕಿಜ್ಜಾನನ್ನು ನೋಡುತ್ತಿದ್ದ. ಕಟೆರೆಗ ಹುಂಜವನ್ನು ಮೆಲ್ಲಗೆ ಒತ್ತಿ ನೋಡಿದ.

"ಇದಂತೂ ಯಾರ ಬೆಡಗೂ ಅಲ್ಲ ತಾನೇ?" ಎಂದ. "ಮನೆಗೆ ಹೋಗಿ ಸಾರು ಮಾಡೋಣ್ವಾ?"

ಕಿಜ್ಜಾ ಹುಂಜದ ಮುಖ ನೋಡಿದ. ಹುಂಜ ಕಿಜ್ಜಾನ ಮುಖ ನೋಡಿತು. ಅದರ ಕಣ್ಣಲ್ಲೂ ಅವನಿಗೇನೋ ಕಂಡಿರಬೇಕು, ಕೋ‍ಟಿನೊಳಗೆ ಅದನ್ನು ಮುಚ್ಚಿಟ್ಟುಕೊಂಡು, "ಪೆನ್ನು ಇದ್ಯೇನೋ ನಿನ್ಹತ್ರ?" ಎಂದು ಕೇಳಿದ.